ಪುಣೆಗೆ ಬಾಗದ ಚಿಂಚವಡ

ಗಣೇಶ ಹಬ್ಬದಲ್ಲಿ ನಮ್ಮೂರಿನ ಮಕ್ಕಳೂ ಕೂಗುವ ‘ಮೋರಯಾ’ ಒಬ್ಬ ಮನುಷ್ಯನ ಹೆಸರು ಎಂಬುದು ಮಹಾರಾಷ್ಟ್ರದ ನಂಬಿಕೆ. ಮೋರಯಾ ಗೋಸಾವಿ ಎಂಬ ಆ ಸಂತನ ಮನೆತನ ಬೀದರ್ ಕಡೆಯದು ಎನ್ನುತ್ತದೆ ಒಂದು ಐತಿಹ್ಯ. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಮಾಧಿ ಇರುವುದು ಮಾತ್ರ ಪುಣೆಯ ವಾಯವ್ಯಕ್ಕೆ, ಪವನಾ ನದಿಯ ದಡದ ಚಿಂಚವಡದಲ್ಲಿ.

ಈಗ ಚಿಂಚವಡವನ್ನು ಪುಣೆಯ ಹೊರವಲಯ ಎಂದುಬಿಡುತ್ತೇವೆ. ಪೇಶ್ವೆಗಳ ಕಾಲದಲ್ಲಿ ಲೆಕ್ಕ ಬೇರೆಯಿತ್ತು. ಮೋರಯಾನ ವಂಶದವರನ್ನು ಏಳು ತಲೆಮಾರು ಗಣಪತಿಯ ಅವತಾರವೆಂದೇ ಜನ ನಂಬಿದ್ದರು. ಅವರನ್ನು ಕರೆಯುತ್ತಿದ್ದುದೇ ‘ದೇವ’ ಎಂದು. ಅರಸೊತ್ತಿಗೆಯೇ ಅವರಿಗೆ ಇನಾಮು ಕೊಟ್ಟು ಕೈಮುಗಿಯಿತು. 1809ರಲ್ಲಿ ಇಂಗ್ಲಿಷ್ ಪ್ರವಾಸಿ ಮರಿಯಾ ಗ್ರಹಾಮ್ ಬಂದು ‘ಜೀವಂತ ದೇವರ’ನ್ನು ನೋಡಿ, ಅನುಮಾನದಿಂದಲೇ ಬರೆದಿಟ್ಟಳು. ಮರುವರ್ಷ ಆ ಸಾಲಿನ ಕೊನೆಯ ದೇವ ತೀರಿಕೊಂಡ. ಪೇಶ್ವೆಗಳ ಆಳ್ವಿಕೆಯೂ 1818ಕ್ಕೆ ಮುಗಿಯಿತು. ಆದರೆ ಭಾದ್ರಪದ, ಮಾಘಗಳಲ್ಲಿ ಮೋರಗಾಂವ್‌ಗೆ ಪಲ್ಲಕ್ಕಿ ಹೋಗುವುದು ನಿಲ್ಲಲಿಲ್ಲ.

ಚಾಪೇಕರ್ ಸಹೋದರರೂ ಇದೇ ಊರಿನವರು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹರಡಿದಾಗ ಸೈನಿಕರು ಮನೆಮನೆಗೆ ನುಗ್ಗಿ ತಪಾಸಣೆ ನಡೆಸಿದರು. ಆ ಬಲವಂತಕ್ಕೆ ಸೇಡಾಗಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಜೊತೆಗಿದ್ದ ಲೆಫ್ಟಿನೆಂಟ್ ಏಯರ್ಸ್ಟ್ ಕೂಡ ಸತ್ತ. ದಾಮೋದರ, ಬಾಲಕೃಷ್ಣ, ವಾಸುದೇವ ಮೂವರಿಗೂ, ಗೆಳೆಯ ಮಹಾದೇವ ರಾನಡೆಗೂ ಗಲ್ಲಾಯಿತು. ಒಂದೇ ಮನೆಯ ಮೂರು ಮಕ್ಕಳು! ಹುತಾತ್ಮರೆಂದು ಪೂಜಿಸುವ ಭರದಲ್ಲಿ ಆ ಮನೆಯಲ್ಲಿ ಉಳಿದವರನ್ನು ನಾವು ನೆನೆಯುವುದು ಕಡಿಮೆ.

ಸ್ವಾತಂತ್ರ್ಯ ಬಂದ ಮೇಲೆ ಊರಿನ ಚಹರೆ ಬದಲಿಸಿದ್ದು ಪಕ್ಕದ ಪಿಂಪ್ರಿ. ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳು ಅಲ್ಲಿ ನೆಲೆಸಿದರು. ಮುಂಬಯಿ ರಸ್ತೆ, ರೈಲು, ನದಿಯ ನೀರು ಮೂರೂ ಒಟ್ಟಿಗೆ ಸಿಕ್ಕ ಜಾಗ ಅದು. 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ನೆರವಿನಿಂದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಹುಟ್ಟಿತು. ಸರ್ಕಾರಿ ಕಾರ್ಖಾನೆಯಲ್ಲಿ ಪೆನಿಸಿಲಿನ್ ತಯಾರಾಗತೊಡಗಿತು. ಪ್ಲೇಗ್ ಕಾಲದ ಕಥೆಯುಳ್ಳ ಊರಿನ ಮಗ್ಗುಲಲ್ಲೇ ಔಷಧಿ ಕಾರ್ಖಾನೆ ಬಂದದ್ದು ಕಾಕತಾಳೀಯ, ಅಷ್ಟೆ. ಅದರ ಹಿಂದೆ ಬಜಾಜ್, ಟೆಲ್ಕೊ, ನೂರಾರು ಸಣ್ಣ ವರ್ಕ್‌ಶಾಪ್‌ಗಳು. ಕೆಲಸ ಹುಡುಕಿ ಮರಾಠವಾಡಾದಿಂದಲೂ ನಮ್ಮ ಉತ್ತರ ಕರ್ನಾಟಕದಿಂದಲೂ ಜನ ಬಂದರು.

1982ರಲ್ಲಿ ಇಲ್ಲಿಗೆ ಪ್ರತ್ಯೇಕ ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 17 ಲಕ್ಷ ದಾಟಿತ್ತು. ಪುಣೆಯಲ್ಲಿ ಕರಗಿಹೋಗದೆ ತನ್ನದೇ ಪಾಲಿಕೆ ಇಟ್ಟುಕೊಂಡಿರುವ ಈ ಊರಿನ ಫಲಕದಲ್ಲಿ ಮೊದಲು ಬರುವ ಹೆಸರು ಪಿಂಪ್ರಿ. ದೇವರ ಊರು ಹೈಫನ್ನಿನ ಆಚೆಗಿದೆ.