ಹಸಿವು ಸೈಕಲ್ ತುಳಿದ ದಾರಿ

ಸ್ಪೇನ್ ಎಂದರೆ ನಮ್ಮವರಿಗೆ ಗೂಳಿಕಾಳಗ, ಫುಟ್ಬಾಲು, ಇಲ್ಲವೇ ಕೊಲಂಬಸ್. ಶಾಲೆಯ ಪುಸ್ತಕದಲ್ಲೂ ಕೊಲಂಬಸನ ಹಡಗು ಬಂದರು ಬಿಟ್ಟಿತೆಂದರೆ ಆ ದೇಶದ ಕಥೆ ಮುಗಿದಂತೆಯೇ. ಇಪ್ಪತ್ತೆಂಟು ವರ್ಷ ಅದೇ ಪಾಠ ಒಪ್ಪಿಸಿದ ನನಗೆ ಅದರ ಒಳನಾಡು ಕಾಣಿಸಿದ್ದು ಮಗಳ ದೆಸೆಯಿಂದ. ಅವಳೂ ಅಳಿಯನೂ ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದಾರೆ. ಭಾನುವಾರ ಬಂತೆಂದರೆ ಸೈಕಲ್ಲುಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ತೊಲೇದೊ ಪ್ರಾಂತ್ಯದ ಹಳ್ಳಿಗಾಡಿಗೆ ಹೊರಟುಬಿಡುತ್ತಾರೆ. ಅವರು ತುಳಿಯುತ್ತಾರೆ, ಬೆವರು ಸುರಿಸುತ್ತಾರೆ, ಚಿತ್ರ ತೆಗೆಯುತ್ತಾರೆ. ನಾನು ಹಿಂದಿನಿಂದ ಕಾರಿನಲ್ಲಿ ಬಂದು ಊರೂರಿನ ಕಟ್ಟೆಯ ಮೇಲೆ ಕೂತು, ಈ ದಾರಿಯಲ್ಲಿ ಇವರಿಗಿಂತ ಮೊದಲು ಯಾರು ಯಾರು ಹೋಗಿದ್ದರು ಎಂದು ಓದುತ್ತೇನೆ. ಮೇಷ್ಟರಿಕೆಯ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲವಲ್ಲ.

ಮ್ಯಾಡ್ರಿಡ್‌ನಿಂದ ನೈಋತ್ಯಕ್ಕೆ, ಎಕ್ಸ್ತ್ರೆಮದೂರಾ ಸೀಮೆಯ ಕಡೆಗೆ, ಹಳೆಯ ಹೆದ್ದಾರಿಯೊಂದು ಹೋಗುತ್ತದೆ. ಈಗ ವಾಹನಗಳೆಲ್ಲ ಎ-5 ಎಂಬ ಹೊಸ ಮಾರ್ಗದಲ್ಲಿ ಹರಿದುಹೋಗುವುದರಿಂದ, ಹಳೆಯ ರಸ್ತೆಯ ತುಣುಕುಗಳೂ ಅದಕ್ಕೆ ಸೇರುವ ಊರುದಾರಿಗಳೂ ಸೈಕಲ್ಲಿನವರ ಪಾಲಿಗೆ ಉಳಿದಿವೆ. ನೆಲ ಪೂರಾ ಸಪಾಟಲ್ಲ, ಬೆಟ್ಟವೆನ್ನುವಷ್ಟು ಕಡಿದೂ ಅಲ್ಲ. ಗೋಧಿ ಹೊಲ, ಆಲಿವ್ ತೋಪು, ದೂರ ದೂರಕ್ಕೊಂದು ಓಕ್ ಮರ, ಅದರ ನೆರಳಲ್ಲಿ ಕುರಿ. ಒಂದು ಏರು ಹತ್ತಿದರೆ ಮುಂದಿನ ಊರಿನ ಇಗರ್ಜಿಯ ಗೋಪುರ ಕಾಣುತ್ತದೆ, ಗೋಪುರದ ತುದಿಯಲ್ಲಿ ಕೊಕ್ಕರೆಯ ಗೂಡು. ಮಾಕೇದಾದಲ್ಲಿ ಕೋಟೆ, ತಾಲಾವೆರಾದಲ್ಲಿ ಹೆಸರಾಂತ ಬಣ್ಣದ ಪಿಂಗಾಣಿ, ಓರೋಪೇಸಾದಲ್ಲಿ ಮತ್ತೊಂದು ಕೋಟೆ. ಈ ಕೊನೆಯ ಕೋಟೆಯನ್ನು 1930ರಲ್ಲೇ ಸರ್ಕಾರಿ ಹೋಟೆಲ್ ಮಾಡಿದ್ದಾರೆ. ಪೆರುವನ್ನು ಆಳಿದ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೇದೊ 1515ರಲ್ಲಿ ಹುಟ್ಟಿದ್ದು ಇದೇ ಓರೋಪೇಸಾದಲ್ಲಿ. ಅಲ್ಲಿಂದ ದಕ್ಷಿಣಕ್ಕಿಳಿದರೆ ತಾಹೊ ನದಿಯ ದಡದಲ್ಲಿ ಪುಯೆಂತೆ ದೆಲ್ ಅರ್ಸೊಬಿಸ್ಪೊ. ಹಾಗೆಂದರೆ ‘ಆರ್ಚ್‌ಬಿಷಪ್ಪನ ಸೇತುವೆ’. ಹದಿನಾಲ್ಕನೆಯ ಶತಮಾನದಲ್ಲಿ ಪೆದ್ರೊ ತೆನೋರಿಯೊ ಎಂಬ ಆರ್ಚ್‌ಬಿಷಪ್ ಕಟ್ಟಿಸಿದ ಸೇತುವೆಯ ಸುತ್ತ ಬೆಳೆದ ಕುಂಬಾರರ ಊರು. ಅವರ ಹಸಿರು ಬಣ್ಣದ ಕೆಲಸಕ್ಕೂ ತಾಲಾವೆರಾದವರ ಕೆಲಸಕ್ಕೂ ಸೇರಿ 2019ರಲ್ಲಿ ಯುನೆಸ್ಕೊ ಮನ್ನಣೆ ಬಂತು.

ಇದಿಷ್ಟು ಪ್ರವಾಸಿಯ ಕಣ್ಣಿಗೆ. ಇದೇ ರಸ್ತೆಯಲ್ಲಿ 1936ರ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಬಂದವರ ಕೈಯಲ್ಲಿ ಬಂದೂಕಿತ್ತು. ಆ ಜುಲೈನಲ್ಲಿ ಮೊರಾಕೊದಲ್ಲಿ ದಂಗೆಯೆದ್ದ ಫ್ರಾಂಕೊನ ಆಫ್ರಿಕಾ ಸೈನ್ಯ ತೆಂಕಣದಿಂದ ಏರಿ ಬಂದು ಸೆಪ್ಟೆಂಬರ್ 3ರಂದು ತಾಲಾವೆರಾವನ್ನೂ, 21ರಂದು ಮಾಕೇದಾವನ್ನೂ ಹಿಡಿಯಿತು. ಮಾಕೇದಾದಲ್ಲಿ ನೇರ ಹೋದರೆ ಮ್ಯಾಡ್ರಿಡ್, ಬಲಕ್ಕೆ ತಿರುಗಿದರೆ ತೊಲೇದೊ. ಸೈನ್ಯ ಬಲಕ್ಕೆ ತಿರುಗಿತು. ಆ ತಿರುವಿನಿಂದ ಯುದ್ಧ ವರ್ಷಗಟ್ಟಲೆ ಬೆಳೆಯಿತೇ ಎಂದು ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ. ನನ್ನ ಗಮನ ಹೋದದ್ದು ಆ ತಿರುವಿನ ಹತ್ತಿರದಲ್ಲೇ ಇರುವ ಸಾಂತೊ ದೊಮಿಂಗೊ-ಕೌದಿಯಾ ಎಂಬ ಸಣ್ಣ ಹಳ್ಳಿಯ ಕಡೆಗೆ. ಅಲ್ಲಿ 1928ರಲ್ಲಿ ಹುಟ್ಟಿದ ಹುಡುಗನೊಬ್ಬನಿಗೆ ಆಗ ಎಂಟು ವರ್ಷ. ಅವನ ಮನೆಯವರು ಯುದ್ಧಕ್ಕೆ ಹೆದರಿ ಮ್ಯಾಡ್ರಿಡ್ ಸೇರಿಕೊಂಡರು. ಹುಡುಗನ ಹೆಸರು ಫೆದೆರಿಕೊ ಬಾಮೊಂತೆಸ್.

ಅವನ ವಿಷಯಕ್ಕೆ ಬರುವ ಮುಂಚೆ ಇನ್ನೊಬ್ಬನ ಮಾತು ಹೇಳಬೇಕು. ಸ್ಪೇನಿನ ದೊಡ್ಡ ಸೈಕಲ್ ಪಂದ್ಯಕ್ಕೆ ‘ವುಯೆಲ್ತಾ’ ಎನ್ನುತ್ತಾರೆ. ದೇಶಕ್ಕೆ ಒಂದು ಪ್ರದಕ್ಷಿಣೆ ಎಂದಿಟ್ಟುಕೊಳ್ಳಿ. ‘ಇನ್ಫೊರ್ಮಾಸಿಯೋನೆಸ್’ ಎಂಬ ಪತ್ರಿಕೆ ಅದನ್ನು 1935ರಲ್ಲಿ ಶುರುಮಾಡಿತು. ಐವತ್ತು ಮಂದಿ ಹೊರಟು ಇಪ್ಪತ್ತೊಂಬತ್ತು ಮಂದಿ ಮುಗಿಸಿದರು. ಗೆದ್ದವನು ಬೆಲ್ಜಿಯಂನ ಗುಸ್ತಾಫ್ ಡೆಲೂರ್. ಮರುವರ್ಷವೂ ಅವನೇ. ಎರಡನೆಯ ಪಂದ್ಯ 1936ರ ಮೇ ಕೊನೆಗೆ ಮುಗಿಯಿತು, ಏಳು ವಾರಕ್ಕೆ ಯುದ್ಧ ಹತ್ತಿಕೊಂಡಿತು. ಆ ಹೊತ್ತಿಗೆ ಹೂಲಿಯಾನ್ ಬೆರೆಂದೆರೊ ಎಂಬಾತ ಪಕ್ಕದ ದೇಶದಲ್ಲಿ ಟೂರ್ ದ ಫ್ರಾನ್ಸ್ ಓಡಿಸುತ್ತಿದ್ದ. ಮ್ಯಾಡ್ರಿಡ್ ಸೀಮೆಯ ಹಳ್ಳಿಯವನು. ಊರಲ್ಲಿ ಹೆಣ ಬೀಳುತ್ತಿದ್ದಾಗ ಇವನು ಆಲ್ಪ್ಸ್, ಪಿರೆನೀಸ್ ಹತ್ತಿ ಪರ್ವತ ಸವಾರರ ಬಹುಮಾನ ಗೆದ್ದ. ಯುದ್ಧ ಮುಗಿಯುವ ತನಕ ಫ್ರಾನ್ಸಿನಲ್ಲೇ ಉಳಿದ. 1939ರಲ್ಲಿ ಮನೆಗೆಂದು ಬಂದವನನ್ನು ಹಿಡಿದು ಸುಮಾರು ಒಂದೂವರೆ ವರ್ಷ ಸೆರೆಶಿಬಿರಗಳಲ್ಲಿ ಇಟ್ಟರು. 1941ರಲ್ಲಿ ವುಯೆಲ್ತಾ ಮತ್ತೆ ಶುರುವಾದಾಗ, ನಾಲ್ಕು ಸಾವಿರದ ನಾನೂರು ಕಿ.ಮೀ.ಗೂ ಮೇಲ್ಪಟ್ಟ ಆ ಪಂದ್ಯವನ್ನು ಗೆದ್ದವನು ಅದೇ ಸೆರೆವಾಸಿ! ಮುಂದಿನ ವರ್ಷ ಮತ್ತೆ ಗೆದ್ದ. ಪಂದ್ಯದ ದಾಖಲೆಯಲ್ಲಿ ಇವೆಲ್ಲ ಒಂದೊಂದು ಸಾಲು: ವರ್ಷ, ಹೆಸರು, ದೇಶ. 1937ರಿಂದ 40ರವರೆಗೆ ಬರೀ ಖಾಲಿ. ಪರೀಕ್ಷೆಗೆ ಪ್ರಶ್ನೆ ತೆಗೆಯುವುದಾದರೆ ನಾನು ಆ ಖಾಲಿ ಜಾಗದಿಂದಲೇ ತೆಗೆದೇನು.

ಯುದ್ಧ ಮುಗಿದ ಮೇಲೆ ಬಂದದ್ದು ಹಸಿವು. ಸ್ಪೇನಿನಲ್ಲಿ ರೇಷನ್ ಕಾರ್ಡು 1952ರವರೆಗೂ ಇತ್ತು. ಕಾರ್ಡಿನ ಮೇಲೆ ಸಿಗುವುದು ಹೊಟ್ಟೆಗೆ ಸಾಲದು, ಉಳಿದದ್ದಕ್ಕೆ ಕಾಳಸಂತೆ. ಅದಕ್ಕೆ ಅವರಿಟ್ಟ ಹೆಸರು ‘ಎಸ್ತ್ರಪೆರ್ಲೊ’. 1935ರಲ್ಲಿ ಸರ್ಕಾರವನ್ನೇ ನಡುಗಿಸಿದ ಒಂದು ಮೋಸದ ಜೂಜುಯಂತ್ರದ ಹೆಸರದು. ವುಯೆಲ್ತಾ ಹುಟ್ಟಿದ ವರ್ಷವೇ ಆ ಪದವೂ ಮನೆಮಾತಾಯಿತು, ಕಾಕತಾಳೀಯ ಅನ್ನಿ. ಬಾಮೊಂತೆಸ್ ಮನೆಯವರು ತೊಲೇದೊಗೆ ಮರಳಿದ್ದರು. ಹುಡುಗ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ನೂರೈವತ್ತು ಪೆಸೆತಾ ಕೊಟ್ಟು ಒಂದು ಹಳೆಯ ಸೈಕಲ್ ಕೊಂಡ. ಹಳ್ಳಿಗಳಿಂದ ಹಿಟ್ಟು, ಕಾಳು ಕಟ್ಟಿಕೊಂಡು ಪೊಲೀಸರ ಕಣ್ಣು ತಪ್ಪಿಸಿ ಪಟ್ಟಣಕ್ಕೆ ಬರುವುದು ಕಸುಬಾಯಿತು. ಇವತ್ತು ನನ್ನ ಮಗಳು ‘ಅಮ್ಮಾ, ಎಷ್ಟು ಚಂದದ ಏರು!’ ಎನ್ನುವ ಇಂಥ ದಾರಿಗಳನ್ನು ಅವನು ಹಿಟ್ಟಿನ ಮೂಟೆಯೊಂದಿಗೆ ಹತ್ತಿದ್ದ. ತೊಲೇದೊ ಊರು ತಾಹೊ ನದಿಯ ಮೇಲಿನ ಬಂಡೆಗುಡ್ಡದ ಮೇಲಿದೆ. ಎಲ್ಲಿಂದ ಬಂದರೂ ಕೊನೆಗೆ ಏರಲೇಬೇಕು. ಅವನಿಗೆ ಬೇರೆ ತರಬೇತಿ ಯಾಕೆ ಬೇಕಿತ್ತು?

ಆ ಕಾಲದಲ್ಲಿ ಅಲ್ಲಿನ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದವು. ನಮ್ಮಪ್ಪನ ಸೈಕಲ್ಲಿಗೂ ಅಂಥದ್ದೇ ಬಿಲ್ಲೆಯಿತ್ತು. ಅದೇ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವಳು ನಾನು. ಬಡವನ ಬಂಡಿಗೂ ಸುಂಕ ಎಂಬಲ್ಲಿ ಎರಡು ಊರಿನ ಪುರಸಭೆಗಳಿಗೂ ಒಂದೇ ಬುದ್ಧಿ.

1947ರಲ್ಲಿ ಮೊದಲ ಪಂದ್ಯ ಓಡಿಸಿದ ಬಾಮೊಂತೆಸ್ 1954ರಲ್ಲಿ ಟೂರ್ ದ ಫ್ರಾನ್ಸಿಗೆ ಹೋದ. ಎಲ್ಲರಿಗಿಂತ ಮೊದಲು ಬೆಟ್ಟದ ತುದಿ ಮುಟ್ಟಿ, ನಿಂತು ಐಸ್‌ಕ್ರೀಮ್ ತಿಂದ ಕಥೆ ಆ ವರ್ಷದ್ದು. ಅದನ್ನೇ ಎಲ್ಲರೂ ಹೇಳಿ ನಗುತ್ತಾರೆ. ಚಕ್ರದ ಕಡ್ಡಿ ಮುರಿದು, ರಿಪೇರಿಯವನಿಗೆ ಕಾಯುತ್ತಿದ್ದನಂತೆ. ಇಳಿಜಾರೆಂದರೆ ಅವನಿಗೆ ಪ್ರಾಣಭಯ, ಏರಿನಲ್ಲಿ ಅವನ ಸಮ ಇಲ್ಲ. ‘ತೊಲೇದೊದ ಗರುಡ’ ಎಂಬ ಹೆಸರು ನಿಂತುಬಿಟ್ಟಿತು. 1959ರಲ್ಲಿ ಟೂರ್ ಗೆದ್ದ ಮೊದಲ ಸ್ಪೇನಿಗನಾದ. ಪ್ಯಾರಿಸ್ಸಿನಲ್ಲಿ ಅದು ಮುಗಿದ ದಿನ ಜುಲೈ 18. ಫ್ರಾಂಕೊ ತನ್ನ 1936ರ ದಂಗೆಯನ್ನು ರಾಷ್ಟ್ರೀಯ ಹಬ್ಬವಾಗಿ ಆಚರಿಸುತ್ತಿದ್ದ ದಿನವೂ ಅದೇ. ಯಾವ ದಂಗೆಯಿಂದ ಎಂಟು ವರ್ಷದ ಹುಡುಗ ಊರು ಬಿಟ್ಟು ಓಡಿದನೋ, ಅದರ ವಾರ್ಷಿಕೋತ್ಸವಕ್ಕೆ ಅವನ ಗೆಲುವು ಹೂವಿನಂತೆ ಒದಗಿತು. ತಪ್ಪು ಅವನದಲ್ಲ. ಆಳುವವರಿಗೆ ಗೆದ್ದವರ ಬೆವರು ಬೇಕು, ಆ ಬೆವರು ಸುರಿಯಲು ಕಾರಣವಾದ ಹಸಿವಿನ ಮಾತು ಬೇಡ.

ಮೂರೇ ದಿನಕ್ಕೆ, ಜುಲೈ 21ರಂದು, ಸರ್ಕಾರ ಆರ್ಥಿಕ ಸ್ಥಿರೀಕರಣದ ಆಜ್ಞೆ ಹೊರಡಿಸಿತು. ಬಾಗಿಲು ತೆರೆದ ಸ್ಪೇನಿಗೆ ವಿದೇಶಿ ಬಂಡವಾಳ, ಕಡಲತೀರಕ್ಕೆ ಪ್ರವಾಸಿಗರು ಬಂದರು. ಒಳನಾಡಿನ ಹಳ್ಳಿಯವರು ಮ್ಯಾಡ್ರಿಡ್, ಬಾರ್ಸಿಲೋನಾ, ಜರ್ಮನಿ, ಸ್ವಿಟ್ಜರ್ಲೆಂಡ್ ಎಂದು ಹೊರಟರು. ತಾಹೊ ನದಿಯಾಚೆಯ ಲಾ ಹಾರಾ ಸೀಮೆಯಲ್ಲಿ ಈಗ ಸೈಕಲ್ಲಿನವರು ‘ಆಹಾ, ಎಂಥ ನಿಶ್ಶಬ್ದ’ ಎನ್ನುತ್ತಾರಲ್ಲ, ಆ ನಿಶ್ಶಬ್ದದ ಅರ್ಥ ಇದು. ಊರುಗಳಲ್ಲಿ ಮುದುಕರು ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ. ನಾನು ಮೊದಲು ಹುಡುಕುವುದು ಶಾಲೆಯನ್ನು, ಮಕ್ಕಳ ಗಲಾಟೆಯನ್ನು. ಎಷ್ಟೋ ಕಡೆ ಅದು ಕಿವಿಗೆ ಬೀಳಲಿಲ್ಲ.

ಹೆಂಗಸರ ಮಾತು ಎಲ್ಲಿ ಎಂದು ನೀವು ಕೇಳಬಹುದು. ಮದುವೆಯಾದವಳು ಕೆಲಸಕ್ಕೆ ಸೇರಲು, ಪಾಸ್‌ಪೋರ್ಟ್ ಪಡೆಯಲು ಗಂಡನ ಅನುಮತಿ ತರಬೇಕೆಂಬ ಕಾನೂನು ಅಲ್ಲಿ 1975ರವರೆಗೂ ಇತ್ತು. ಹಾಗಿರುವಾಗ ಪಂದ್ಯದ ಸೈಕಲ್ ಎಲ್ಲಿ ಬರಬೇಕು? ಗೆರ್ನಿಕಾದಲ್ಲಿ 1972ರಲ್ಲಿ ಹುಟ್ಟಿದ ಹೊಆನೆ ಸೊಮಾರ್ರಿಬಾ 2000, 2001, 2003ರಲ್ಲಿ ಫ್ರಾನ್ಸಿನ ಮಹಿಳಾ ಪಂದ್ಯ ಗೆದ್ದಳು. ಇವಳ ಹೆಸರು ಅಳಿಯನಿಗೂ ಗೊತ್ತಿರಲಿಲ್ಲ, ಬಾಮೊಂತೆಸನ ಐಸ್‌ಕ್ರೀಮ್ ಮಾತ್ರ ಬಾಯಿಪಾಠ.

ಬಾಮೊಂತೆಸ್ ನಿವೃತ್ತನಾದ ಮೇಲೆ ತೊಲೇದೊದಲ್ಲಿ ನೆಲೆಸಿದ. ಸೈಕಲ್ ಅಂಗಡಿ ಇಟ್ಟುಕೊಂಡು ಬಾಳಿ, 2023ರ ಆಗಸ್ಟ್‌ನಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ.

ಲಾ ಹಾರಾದಲ್ಲಿ ನಾನೂ ಒಂದಿಷ್ಟು ದೂರ ಬಾಡಿಗೆ ಸೈಕಲ್ ತುಳಿದೆ. ತಾಲಾವೆರಾದಿಂದ ಎಕ್ಸ್ತ್ರೆಮದೂರಾಕ್ಕೆ ರೈಲುದಾರಿ ಹಾಕಬೇಕೆಂದು 1920ರ ದಶಕದಲ್ಲಿ ಯೋಜನೆ ಮಾಡಿ, ಗುಡ್ಡ ಕೊರೆದು, ಸೇತುವೆ, ನಿಲ್ದಾಣ ಕಟ್ಟಿದ್ದರು. ನಡುವೆ ಯುದ್ಧ, ಆಮೇಲೆ ದುಡ್ಡಿಲ್ಲ, ಆಮೇಲೆ ಹತ್ತಲು ಜನರೇ ಇಲ್ಲ. ಕೊನೆಗೆ ಕೆಲಸ ಕೈಬಿಟ್ಟರು, ರೈಲು ಒಂದು ದಿನವೂ ಓಡಲಿಲ್ಲ. 1993ರಿಂದ ಇಂಥ ಸತ್ತ ರೈಲುದಾರಿಗಳನ್ನು ‘ಹಸಿರು ದಾರಿ’ ಎಂದು ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಡುತ್ತಿದ್ದಾರೆ. ದೇಶದಲ್ಲಿ ಒಟ್ಟು ಮೂರು ಸಾವಿರ ಕಿ.ಮೀ.ಗೂ ಹೆಚ್ಚಿವೆ. ಇಲ್ಲಿನದು ಕಾಲೆರಾ ಎಂಬ ಊರಿನಿಂದ ಐವತ್ತೆರಡು ಕಿ.ಮೀ. ಮೊದಲು ಸಪಾಟು, ಆಮೇಲೆ ತಾಹೊ ಮೇಲೆ ಎತ್ತರದ ಸೇತುವೆ, ಅದರಾಚೆ ಒಂದರ ಹಿಂದೊಂದು ಸುರಂಗ. ಮಗಳು, ಅಳಿಯ ಪೂರ್ತಿ ಹೋದರು. ಸಾಂತಾ ಕಿತೇರಿಯಾ ನಿಲ್ದಾಣಕ್ಕೆ ಬರುವಷ್ಟರಲ್ಲಿ ದಾರಿ ನಿಲ್ಲುತ್ತದೆ. ಯಾವ ಪ್ರಯಾಣಿಕನೂ ಇಳಿಯದ ಆ ನಿಲ್ದಾಣದ ಹತ್ತಿರ ಕಾರು ನಿಲ್ಲಿಸಿಕೊಂಡು ನಾನು ಅವರಿಗೆ ಕಿತ್ತಳೆ ಸುಲಿಯುತ್ತಾ ಕೂತಿದ್ದೆ.