ಅರ್ಥಧಾರಿಯ ವಯಸ್ಸು

ಅಡಿಕೆ ಕೊನೆಗಳಿಗೆ ಮದ್ದು ಹೊಡೆದು ಕೈ ಬಿಡುವಾದ ಮಳೆಗಾಲದ ರಾತ್ರಿಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ಜಗುಲಿಯಲ್ಲಿ ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆ ಕೂಡುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಅದನ್ನೇ ಹಿಡಿದು ವಾದಕ್ಕಿಳಿಯುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಬೇಕು. ಬೆಳಗಿನವರೆಗೆ ನಡೆಯುತ್ತಿದ್ದ ಈ ಕೂಟಗಳಲ್ಲಿ ತಲೆ ನರೆತ ಹಿರಿಯರು ಭೀಷ್ಮನಾಗಿ, ವಾಲಿಯಾಗಿ ಗಂಟೆಗಟ್ಟಲೆ ಅರ್ಥ ಹೇಳುತ್ತಿದ್ದರು.

ಇದು ಹೇಗೆ ಸಾಧ್ಯವಾಗುತ್ತಿತ್ತು ಎಂಬುದು ನಿಜಕ್ಕೂ ಕೇಳಬೇಕಾದ ಪ್ರಶ್ನೆ.

ಎದುರಿನವರು ಎಸೆದ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಉತ್ತರ ಕಟ್ಟಬೇಕು. ಮನೋವಿಜ್ಞಾನ ಈ ಶಕ್ತಿಯನ್ನು ಕಾರ್ಯಸ್ಮೃತಿ ಎನ್ನುತ್ತದೆ. ವಯಸ್ಸು ಬೇಗ ತಟ್ಟುವ ಶಕ್ತಿಗಳಲ್ಲಿ ಇದೂ ಒಂದು. ಅಮೆರಿಕದ ಮನೋವಿಜ್ಞಾನಿ ತಿಮೊತಿ ಸಾಲ್ಟ್‌ಹೌಸ್ 1996ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಮೂಲ ಕಾರಣ ಮಿದುಳಿನ ವೇಗ ತಗ್ಗುವುದು. ಮೂರನೆಯ ಮಾತು ಅರಗುವ ಹೊತ್ತಿಗೆ ಮೊದಲನೆಯದು ಜಾರಿಹೋಗಿರುತ್ತದೆ. ಮರೆಗುಳಿ ಕಾಯಿಲೆ ಬೇರೆ. ಇದು ಆರೋಗ್ಯವಂತರಲ್ಲೂ ಯೌವನ ಕಳೆಯುತ್ತಿದ್ದಂತೆ ಮೆಲ್ಲನೆ ಶುರುವಾಗುವ ಇಳಿತ. ಆದರೆ ಶಬ್ದಸಂಪತ್ತು, ಲೋಕಜ್ಞಾನ ಬಹುಕಾಲ ಕುಂದುವುದಿಲ್ಲ, ಅರವತ್ತರ ಆಸುಪಾಸಿನವರೆಗೂ ಬೆಳೆಯಬಲ್ಲವು.

ತಾಳಮದ್ದಳೆಯ ಕಟ್ಟುಪಾಡು ಈ ಎರಡನ್ನೂ ಅರಿತೇ ರೂಪುಗೊಂಡಂತಿದೆ. ಪಾತ್ರ ಪ್ರವೇಶಿಸುವಾಗ ಹೇಳುವ ಪೀಠಿಕೆಗೆ ಅವಸರವಿಲ್ಲ. ಹತ್ತಾರು ವರ್ಷ ಕೇಳಿ, ಓದಿ ಕೂಡಿಟ್ಟ ಪುರಾಣಜ್ಞಾನವೇ ಅದರ ಬಂಡವಾಳ. ಸಂವಾದ ಬಿರುಸಾದಾಗ ಭಾಗವತರ ಮುಂದಿನ ಪದ್ಯ ಆಸರೆಯಾಗುತ್ತದೆ. ಸುಳಿವಿಲ್ಲದೆ ನೆನಪಿಸಿಕೊಳ್ಳುವುದು ವೃದ್ಧರಿಗೆ ಕಷ್ಟ, ಸುಳಿವು ಸಿಕ್ಕರೆ ಆ ಕಷ್ಟ ಎಷ್ಟೋ ಹಗುರ ಎನ್ನುತ್ತವೆ ಪ್ರಯೋಗಗಳು. ಪದ್ಯದ ಒಂದೊಂದು ಸಾಲೂ ಅಂಥ ಸುಳಿವೇ. ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು ಶಿವಮೊಗ್ಗದಲ್ಲಿ ಅಂಧರಿಗೆ ಯಕ್ಷಗಾನ ಕಲಿಸಿದರು. ಪುಸ್ತಕ ನೋಡಲಾಗದವರಿಗೂ ಯಕ್ಷಗಾನದ ಪದ್ಯಕಥೆಯಾದ ಪ್ರಸಂಗ ದಕ್ಕಿದ್ದರಲ್ಲಿ ಪದ್ಯ, ತಾಳಗಳ ಪಾಲು ಸಣ್ಣದಲ್ಲ.

ಹಾಗೆಂದು ಅರ್ಥಗಾರಿಕೆ ಮುಪ್ಪಿಗೆ ಮದ್ದಲ್ಲ. ಒಂದು ವಿದ್ಯೆಯಲ್ಲಿ ಪಳಗಿದ ಚುರುಕು ಬೇರೆ ಕೆಲಸಗಳಿಗೆ ಸಲೀಸಾಗಿ ದಾಟುವುದಿಲ್ಲ.

ಈಗ ಮೂರ್ನಾಲ್ಕು ತಾಸಿನ ಕಾಲಮಿತಿ ಕೂಟಗಳು ಬಂದಿವೆ. ನಿದ್ದೆಗೇಡು ತಪ್ಪಿದ್ದು ಹಿರಿಯರಿಗೆ ಒಳ್ಳೆಯದೇ. ಆದರೆ ಹೊತ್ತು ಉಳಿಸಲು ಕತ್ತರಿ ಬೀಳುವುದು ಪೀಠಿಕೆಗೆ, ಚಪ್ಪಾಳೆ ಬೀಳುವುದು ಥಟ್ಟನೆ ಬಂದ ಉತ್ತರಕ್ಕೆ. ಹಿರಿಯರ ಬಲವಿದ್ದ ಜಾಗವೇ ಕಿರಿದಾಗುತ್ತಿದೆ. ಕೂಟಕ್ಕೊಂದು ಪೀಠಿಕೆಯನ್ನಾದರೂ ಸಂಘಟಕರು ಗಡಿಯಾರ ನೋಡದೆ ಬಿಟ್ಟುಕೊಡಬೇಕು.