ಬರಗಾಲವನ್ನು ಅಳೆಯುವ ಬಗೆ

ನಮ್ಮ ಹಿಂದಿನವರು ನಾಡಿಗೆ ಒದಗುವ ಕೇಡುಗಳನ್ನು ಈತಿಬಾಧೆಗಳೆಂದು ಕರೆದು, ಅವು ಆರು ಎಂದು ಎಣಿಸಿದ್ದರು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ ಇವು ಐದು. ಗಡಿಯ ಬಳಿ ದಂಡಿಳಿಸಿದ ಅರಸರು ಆರನೆಯದು. ಈ ಎಣಿಕೆಯಲ್ಲಿ ಒಂದು ವಿಶೇಷವುಂಟು. ಐದು ಬಾಧೆಗಳು ಪ್ರಕೃತಿಯಿಂದ ಬಂದರೆ ಆರನೆಯದು ಮನುಷ್ಯನಿಂದ ಬರುವುದು. ಮಳೆಯ ನಡೆಯನ್ನೂ ಆಳುವವರ ನಡೆಯನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿದ ಆ ದೃಷ್ಟಿ ಮೆಚ್ಚತಕ್ಕದ್ದು. ಆದರೆ ಎಣಿಸುವುದು ಬೇರೆ, ಅಳೆಯುವುದು ಬೇರೆ. ಬರವು ಎಷ್ಟು ಸಮೀಪಕ್ಕೆ ಬಂದಿದೆ, ಯಾರನ್ನು ಮೊದಲು ಮುಟ್ಟೀತು, ಯಾವ ಹೊತ್ತಿಗೆ ಕೈ ನೀಡಬೇಕು ಎಂಬುದನ್ನು ಕ್ರಮವಾಗಿ ಅಳೆಯುವ ವಿದ್ಯೆ ನಮ್ಮ ದೇಶದಲ್ಲಿ ರೂಪುಗೊಂಡುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅದಕ್ಕಾಗಿ ಬಹಳ ದೊಡ್ಡ ಬೆಲೆ ತೆತ್ತ ಸೀಮೆಗಳಲ್ಲಿ ಮೈಸೂರೂ ಒಂದು.

ಅದಕ್ಕೆ ಮುಂಚೆ ಜನರು ಕೈ ಕಟ್ಟಿ ಕುಳಿತಿದ್ದರೆಂದಲ್ಲ. ಬಯಲುಸೀಮೆಯ ಹಳೆಯ ಉಪಾಯವೆಂದರೆ ಕೆರೆ. ಕೆರೆ ಕಟ್ಟಿಸಿದವರ, ಒಡೆದ ಏರಿಯನ್ನು ಸರಿಪಡಿಸಿದವರ, ಹೂಳೆತ್ತುವ ಗಾಡಿಗಾಗಿ ಭೂಮಿ ಬಿಟ್ಟವರ ಹೆಸರುಗಳು ನಮ್ಮ ಶಾಸನಗಳಲ್ಲಿ ತುಂಬಿವೆ. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವಂತೆ ಸಾಲುಸಾಲಾಗಿ ಕಟ್ಟಿದ ಈ ಏರ್ಪಾಡನ್ನು ಕಂಡ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕೆಂಬ ಅಭಿಪ್ರಾಯವನ್ನು ೧೮೬೦ರ ದಶಕದಲ್ಲಿ ಬರೆದಿಟ್ಟನು. ರಾಗಿಯನ್ನು ವರ್ಷಾನುಗಟ್ಟಲೆ ಕೆಡದಂತೆ ಕಾಪಾಡುವ ಹಗೇವುಗಳೂ ಇದ್ದುವು. ಆದರೆ ಎರಡಕ್ಕೂ ಒಂದು ಮಿತಿಯುಂಟು. ಕೆರೆ ಒಂದು ವರ್ಷದ ಮಳೆಯನ್ನು ಕೂಡಿಡಬಲ್ಲುದು. ಮಳೆ ಮೇಲಿಂದ ಮೇಲೆ ತಪ್ಪಿದರೆ ಸಾಲಿನ ಕೆರೆಗಳೆಲ್ಲ ಒಟ್ಟಿಗೇ ಒಣಗುವುವು. ಹಗೇವು ಉಳ್ಳವನಿಗೆ ಆಸರೆ. ದಿನದ ಕೂಲಿಯನ್ನು ದಿನವೇ ಉಣ್ಣುವವನಿಗೆ ಹಗೇವೆಲ್ಲಿಯದು?

ಈ ಮಿತಿಯನ್ನು ತೋರಿಸಿಕೊಟ್ಟುದು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ. ೧೮೭೫ರಲ್ಲಿಯೇ ಮಳೆ ಕಡಮೆಯಾಗಿತ್ತು. ೧೮೭೬ರಲ್ಲಿ, ಎಂದರೆ ಧಾತುವಿನಲ್ಲಿ, ಅದು ಪೂರ್ತಿಯಾಗಿ ಕೈಕೊಟ್ಟಿತು. ೧೮೭೭ರ ಈಶ್ವರದಲ್ಲಿಯೂ ಮುಂಗಾರು ತಪ್ಪಿ, ನೆಲ ನೆನೆಯುವಾಗ ಸೆಪ್ಟೆಂಬರ್ ಬಂದಿತ್ತು. ಮದರಾಸು ಮತ್ತು ಮುಂಬಯಿ ಆಧಿಪತ್ಯಗಳು, ಹೈದರಾಬಾದು, ಮೈಸೂರು ಎಲ್ಲವೂ ಬೆಂದುಹೋದುವು. ಆಗ ಮೈಸೂರು ಕಮಿಷನರರ ಆಳ್ವಿಕೆಯಲ್ಲಿತ್ತು. ಬೆಂಗಳೂರಿಗೆ ೧೮೬೪ರಲ್ಲಿಯೇ ರೈಲು ಬಂದಿದ್ದರೂ ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಬಿದ್ದ ಎತ್ತು ಧಾನ್ಯದ ಗಾಡಿಯನ್ನು ಎಳೆಯುವುದುಂಟೇ?

ಜನಗಣತಿಯ ಲೆಕ್ಕವನ್ನು ನೋಡಿದರೆ ಈಗಲೂ ಎದೆ ನಡುಗುತ್ತದೆ. ೧೮೭೧ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦ ಲಕ್ಷಕ್ಕೂ ಮೇಲು. ೧೮೮೧ರಲ್ಲಿ ಅದು ಸುಮಾರು ೪೨ ಲಕ್ಷ. ಬೆಳೆಯಬೇಕಾಗಿದ್ದ ಸಂಖ್ಯೆ ನೂರಕ್ಕೆ ೧೭ರಷ್ಟು ಇಳಿದಿತ್ತು.

ಅಧಿಕಾರಿಗಳು ಅಳತೆಯನ್ನೇ ಮಾಡಲಿಲ್ಲವೆನ್ನುವಂತಿಲ್ಲ. ಅವರು ಅಳೆದದ್ದು ಬೊಕ್ಕಸವನ್ನು. ೧೮೭೭ರ ಮೊದಲಲ್ಲಿ ಭಾರತ ಸರಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಕೆಲವು ಕಾಸು ಸಾಕೆಂದು ಗೊತ್ತುಮಾಡಿದನು. ಮದರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದನ್ನು ಪ್ರತಿಭಟಿಸಿದನು. ಕಲ್ಲು ಒಡೆಯುವ, ಮಣ್ಣು ಹೊರುವ ದೇಹ ಅಷ್ಟರಲ್ಲಿ ಉಳಿಯಲಾರದೆಂದು ವಾದಿಸಿದನು. ಕೊನೆಗೆ ಮದರಾಸಿನಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು. ಒಬ್ಬನು ಖರ್ಚಿನ ಪುಸ್ತಕವನ್ನು ಓದಿದನು, ಇನ್ನೊಬ್ಬನು ಶಿಬಿರದ ಜನರ ಮೈಯನ್ನು ನೋಡಿದನು. ಕ್ಷಾಮಚರಿತ್ರೆಯಲ್ಲಿ ಮುಂದೆಯೂ ಈ ಎರಡು ಅಳತೆಗಳ ತಿಕ್ಕಾಟ ಕಾಣಿಸುತ್ತದೆ.

ಕ್ಷಾಮ ಇಳಿದ ಮೇಲೆ ೧೮೭೮ರಲ್ಲಿ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗವೊಂದು ನೇಮಕವಾಗಿ, ೧೮೮೦ರಲ್ಲಿ ವರದಿ ಕೊಟ್ಟಿತು. ಮೈಸೂರಿನ ಕ್ಷಾಮ ಕಮಿಷನರಾಗಿದ್ದ ಸಿ. ಎ. ಎಲಿಯಟ್ ಅದಕ್ಕೆ ಕಾರ್ಯದರ್ಶಿಯಾದನು. ಹೀಗೆ ಮೈಸೂರಿನ ಅನುಭವ ಇಡೀ ದೇಶದ ನಿಯಮಕ್ಕೆ ಮೂಲದ್ರವ್ಯವಾಯಿತು. ೧೮೮೩ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಗಿ, ಪ್ರಾಂತಗಳು ತಂತಮ್ಮ ಸಂಹಿತೆಗಳನ್ನು ಮಾಡಿಕೊಂಡುವು.

ಆಯೋಗ ಕಂಡ ಮುಖ್ಯ ಸಂಗತಿ ಸರಳವಾದುದು. ಶಾಲೆಯಲ್ಲಿ ಮಕ್ಕಳಿಗೆ ನಾವು ಮಳೆಯಿಲ್ಲ, ಬೆಳೆಯಿಲ್ಲ, ಅನ್ನವಿಲ್ಲ ಎಂದು ಮೂರು ಮೆಟ್ಟಿಲಲ್ಲಿ ಬರವನ್ನು ಹೇಳಿ ಮುಗಿಸುತ್ತೇವೆ. ನಡುವೆ ಇನ್ನೊಂದು ಮೆಟ್ಟಿಲುಂಟು. ಬೆಳೆಯಿಲ್ಲದಿದ್ದರೆ ಕಳೆ ತೆಗೆಯುವ, ಕೊಯ್ಯುವ, ಒಕ್ಕುವ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಕೂಲಿಯಿಲ್ಲ, ಕೂಲಿಯಿಲ್ಲದವನ ಪಾಲಿಗೆ ಸಂತೆಯಲ್ಲಿ ರಾಗಿ ಇದ್ದರೂ ಇಲ್ಲದ ಹಾಗೆಯೇ. ಆದಕಾರಣ ಬರವನ್ನು ಮಳೆಯ ಅಂಗುಲಗಳಲ್ಲಿ ಮಾತ್ರ ಅಳೆದರೆ ಸಾಲದು, ಬಡವನ ಮನೆಯಲ್ಲಿಯೂ ಅಳೆಯಬೇಕು.

ಹೀಗೆ ಅಳೆಯುವುದಕ್ಕೆ ಸಂಹಿತೆಗಳು ಕೆಲವು ಅಪಾಯಸೂಚನೆಗಳನ್ನು ಹೇಳಿದುವು. ಸಾಲ ಹುಟ್ಟದಿರುವುದು, ದಾನಧರ್ಮ ನಿಲ್ಲುವುದು, ಧಾನ್ಯದ ವ್ಯಾಪಾರದಲ್ಲಿ ಅತಿಯಾದ ಗಡಿಬಿಡಿ, ಕಳವು ಹೆಚ್ಚುವುದು, ದನಕರುಗಳನ್ನು ಮೇವಿಗಾಗಿ ದೂರ ಹೊಡೆದುಕೊಂಡು ಹೋಗುವುದು, ಜನ ಗುಂಪುಗುಂಪಾಗಿ ಊರು ಬಿಟ್ಟು ಅಲೆಯುವುದು. ಇವನ್ನು ಗುರುತಿಸಲು ಯಂತ್ರವೇನೂ ಬೇಡ, ಊರಿನೊಳಗೆ ಕಣ್ಣಿರಬೇಕು. ಸಂಶಯ ಬಂದಲ್ಲಿ ಪರೀಕ್ಷಾ ಕಾಮಗಾರಿಯನ್ನು ತೆರೆಯಬೇಕು. ಕಷ್ಟದ ಕೆಲಸಕ್ಕೆ, ಅಲ್ಪ ಕೂಲಿಗೆ ಜನ ಮುಗಿಬಿದ್ದು ಬಂದರೆ ಕ್ಷಾಮ ಬಂದಿತೆಂದೇ ಅರ್ಥ. ಈ ಅಳತೆಯಲ್ಲಿ ಜಿಪುಣತನವೂ ಇತ್ತು. ಹಸಿದವನು ತನ್ನ ಹಸಿವನ್ನು ಗುದ್ದಲಿ ಹಿಡಿದು ರುಜುವಾತುಪಡಿಸಬೇಕಾಗಿತ್ತು. ಗುದ್ದಲಿ ಹಿಡಿಯಲಾರದ ಮುದುಕರು, ರೋಗಿಗಳು, ಮಕ್ಕಳಿಗೆ ಊರಿನಲ್ಲಿಯೇ ಪಟ್ಟಿ ಮಾಡಿ ಪುಕ್ಕಟೆ ಪರಿಹಾರ ಕೊಡತಕ್ಕದ್ದೆಂದೂ ವಿಧಿಸಿದರು.

ಇತ್ತ ಆಕಾಶವನ್ನು ಅಳೆಯುವ ಕೆಲಸವೂ ಸಾಗಿತು. ೧೮೭೫ರಲ್ಲಿ ಸ್ಥಾಪನೆಯಾದ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್, ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಸಂಬಂಧವುಂಟೆಂದು ೧೮೮೪ರಲ್ಲಿ ಪ್ರತಿಪಾದಿಸಿದನು. ೧೯೦೪ರಿಂದ ೧೯೨೪ರವರೆಗೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್, ಶಾಂತಸಾಗರದ ಮೇಲಣ ವಾಯುಭಾರವೂ ಹಿಂದೂ ಮಹಾಸಾಗರದ ಮೇಲಣ ವಾಯುಭಾರವೂ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿದನು. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ಎಂಬ ವಿದ್ಯಮಾನಕ್ಕೂ ಈ ತಕ್ಕಡಿಗೂ ಇರುವ ನಂಟು ೧೯೬೦ರ ದಶಕದಲ್ಲಿ ಸ್ಪಷ್ಟವಾಯಿತು. ೧೮೭೭ರ ಎಲ್ ನಿನೊ ತಿಳಿದುಬಂದಿರುವವುಗಳಲ್ಲಿ ಅತಿ ಪ್ರಬಲವಾದವುಗಳ ಪೈಕಿ ಒಂದು. ಧಾತು ಈಶ್ವರದ ಮೂಲ ಅಷ್ಟು ದೂರದ ಕಡಲಿನಲ್ಲಿತ್ತು.

ಆದರೆ ಅಳತೆಗೋಲಿದ್ದರೆ ಸಾಲದು, ಅದನ್ನು ಹಿಡಿಯುವ ಮನಸ್ಸೂ ಬೇಕು. ೧೯೪೩ರಲ್ಲಿ ಬಂಗಾಳದಲ್ಲಿ ಸುಮಾರು ೩೦ ಲಕ್ಷ ಜನ ಸತ್ತರು. ಸಂಹಿತೆ ಕಪಾಟಿನಲ್ಲಿಯೇ ಇತ್ತು. ಸರಕಾರ ಅದರ ಪ್ರಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ. ಆ ವರ್ಷದ ಅಕ್ಕಿಯ ಬೆಳೆ ಅಂಥ ಸಾವಿಗೆ ಕಾರಣವಾಗುವಷ್ಟು ಕಡಮೆಯಿರಲಿಲ್ಲವೆಂದೂ, ಬೆಲೆಯೇರಿ ಕೂಲಿಯವನ ಕೊಳ್ಳುವ ಶಕ್ತಿ ಕುಸಿದುದೇ ಕಾರಣವೆಂದೂ ಅಮರ್ತ್ಯ ಸೇನ್ ೧೯೮೧ರ ತಮ್ಮ ಗ್ರಂಥದಲ್ಲಿ ವಾದಿಸಿದರು. ನೂರು ವರ್ಷಗಳ ಹಿಂದೆ ಆಯೋಗ ಕಂಡಿದ್ದ ಆ ನಡುವಿನ ಮೆಟ್ಟಿಲೇ ಇದು.

ನಮ್ಮ ನಾಡು ಆ ಪಾಠವನ್ನು ಪೂರ್ತಿ ಮರೆಯಲಿಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣೀವಿಲಾಸಸಾಗರ ೧೯೦೭ರಲ್ಲಿ ಮುಗಿದು ಚಿತ್ರದುರ್ಗದ ಒಣ ಸೀಮೆಗೆ ಆಸರೆಯಾಯಿತು. ೧೯೮೮ರಲ್ಲಿ ಕರ್ನಾಟಕ ಸರಕಾರ ಬರವನ್ನು ಗಮನಿಸುವುದಕ್ಕೆಂದೇ ಒಂದು ಘಟಕವನ್ನು ತೆರೆಯಿತು. ಅದು ಬೆಳೆದು ಇಂದಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಘೋಷಿಸಲಾಯಿತು. ಧಾತು ಈಶ್ವರದಂತೆ ಜನ ದಾರಿಯಲ್ಲಿ ಬಿದ್ದು ಸಾಯಲಿಲ್ಲ. ಪಡಿತರದ ಅಂಗಡಿ, ಉದ್ಯೋಗ ಖಾತರಿಯ ಕೆಲಸ, ರಸ್ತೆ, ರೈಲುಗಳು ನಡುವೆ ನಿಂತಿದ್ದುವು.

ಈಗ ಉಪಗ್ರಹ ಪೈರಿನ ಹಸುರನ್ನು ಮೇಲಿನಿಂದಲೇ ನೋಡಬಲ್ಲುದು. ಮಣ್ಣಿನ ತೇವವನ್ನೂ ಲೆಕ್ಕ ಹಾಕಬಹುದು. ಈ ಜ್ಞಾನ ದೊಡ್ಡದೇ. ಆದರೂ ಊರಿನಲ್ಲಿ ಯಾವ ಮನೆಯವರು ಬೀಗ ಹಾಕಿ ಗುಳೆ ಹೋದರು, ಯಾರು ಹಾಲು ಕೊಡುವ ಹಸುವನ್ನು ಅರ್ಧ ಬೆಲೆಗೆ ಮಾರಿದರು, ಯಾವ ಮಗು ಶಾಲೆಗೆ ಬರುವುದನ್ನು ನಿಲ್ಲಿಸಿತು ಎಂಬುದು ಮೇಲಿನಿಂದ ಕಾಣದು. ಹಾಜರಿ ಪುಸ್ತಕ ಹಿಡಿದ ಉಪಾಧ್ಯಾಯನಿಗೆ, ಅಂಗನವಾಡಿಯ ಕಾರ್ಯಕರ್ತೆಗೆ, ಗ್ರಾಮಲೆಕ್ಕಿಗನಿಗೆ ಅದು ಮೊದಲು ತಿಳಿಯುತ್ತದೆ. ಅವರು ಕಂಡುದನ್ನು ಬರೆದಿಡಬೇಕು, ಬರೆದುದನ್ನು ಮೇಲಿನವರು ಓದಬೇಕು. ಧಾತು ಈಶ್ವರದಲ್ಲಿ ಮಡಿದ ಲಕ್ಷಾಂತರ ಜನಕ್ಕೆ ನಾವು ತೀರಿಸಬೇಕಾದ ಋಣ ಅದು.